ಹೊಂಬಾಳಮ್ಮನ ಬಿಡುಗೇಣು

ಬೆಟ್ಟಗಳಿಗೆ ಜನ ಇನ್ನೂ ಹೆಸರಿಡುತ್ತಿದ್ದ ಕಾಲ ಅದು. ಆ ಕಾಲದಲ್ಲಿ ನೂಲಗಿರಿ ಅಂತ ಒಂದು ರಾಜ್ಯ ಇತ್ತು. ಅಲ್ಲಿ ಮನೆಗೊಂದು ಮಗ್ಗ, ಕೆಲವು ಮನೆಗೆ ಎರಡು. ನೂಲಗಿರಿಯ ಸೀರೆ ಅಂದರೆ ಏಳು ಸಮುದ್ರದಾಚೆಯ ರಾಣಿಯರೂ ಬಾಯಿ ಬಿಡುತ್ತಿದ್ದರು. ಆ ಜನಕ್ಕೆ ತಮ್ಮ ಕೈಯ ಮೇಲೆ ಹೆಮ್ಮೆಯೋ ಹೆಮ್ಮೆ. ಇರಲಿ ಬಿಡಿ, ಅಂಥ ಕೈಗೆ ಅಷ್ಟಾದರೂ ಬೇಡವೇ?

ಆ ರಾಜ್ಯದಲ್ಲಿ ಒಂದು ಪದ್ಧತಿ ಇತ್ತು. ಒಂದು ಸೀರೆ ಮುಗಿದು ಇನ್ನೊಂದು ಶುರುವಾಗುವ ನಡುವೆ ಒಂದು ಗೇಣು ಹಾಸನ್ನು, ಅಂದರೆ ಮಗ್ಗದ ಉದ್ದನೆಯ ಎಳೆಗಳನ್ನು, ನೇಯದೆ ಹಾಗೇ ಬಿಡುತ್ತಿದ್ದರು. ಅದಕ್ಕೆ ಬಿಡುಗೇಣು ಅಂತ ಹೆಸರು. ಬಿಡುಗೇಣು ಎದುರಿಗೆ ಬಂದ ದಿನ ನೇಯುವವರು ಮಗ್ಗದಿಂದ ಎದ್ದುಬಿಡಬೇಕು. ಏನು ಮಾಡುತ್ತೇನೆ ಎಂದು ಮೊದಲೇ ಗೊತ್ತುಮಾಡಿಕೊಳ್ಳಬಾರದು. ಬಾಗಿಲು ದಾಟಬೇಕು, ಕಾಲು ಎಳೆದತ್ತ ಹೋಗಬೇಕು, ಯಾರಾದರೂ ಬಾ ಅಂದರೆ ಒಲ್ಲೆ ಅನ್ನಬಾರದು. ರಾಜ ಬೀರರಾಯನೂ ಅರಮನೆಯಲ್ಲಿ ಒಂದು ಮಗ್ಗ ಇಟ್ಟುಕೊಂಡಿದ್ದ. ಒಮ್ಮೆ ತನ್ನ ಬಿಡುಗೇಣಿನ ದಿನ ಯಾರದೋ ತೋಟಕ್ಕೆ ನುಗ್ಗಿ ಸೀಬೆಹಣ್ಣು ಕಿತ್ತು, ತೋಟದವಳ ಕೈಲಿ ಬೆನ್ನಿಗೆ ಕೋಲಿನೇಟು ತಿಂದು ಬಂದಿದ್ದ. ಆ ಬಾಸುಂಡೆಯನ್ನು ಬಂದವರಿಗೆಲ್ಲ ತೋರಿಸಿ ವರ್ಷವಿಡೀ ಎದೆ ಉಬ್ಬಿಸಿದ.

ರಾಜ್ಯದ ಅತಿ ದೊಡ್ಡ ನೇಯ್ಗೆಗಾರ್ತಿ ಯಾರು ಅಂತ ಕೇಳಿದರೆ ಮಕ್ಕಳೂ ಹೇಳುತ್ತಿದ್ದರು, ಹೊಂಬಾಳಮ್ಮ. ನಲವತ್ತರ ಹೆಂಗಸು. ಅವಳು ಲಾಳಿ ಎಸೆದರೆ ಕಣ್ಣಿಗೆ ಕಾಣುತ್ತಿರಲಿಲ್ಲ, ಸದ್ದು ಮಾತ್ರ ಕೇಳುತ್ತಿತ್ತು. ಆದರೆ ಅವಳ ಬಾಯಲ್ಲಿ ಇದ್ದದ್ದು ಒಂದೇ ಮಾತು: ಪುರುಸೊತ್ತಿಲ್ಲ. ಮದುವೆಗೆ ಕರೆದರೆ ಪುರುಸೊತ್ತಿಲ್ಲ. ಕೆರೆ ಕೋಡಿ ಬಿದ್ದಿದೆ ನೋಡೋಣ ಬಾ ಅಂದರೆ ಪುರುಸೊತ್ತಿಲ್ಲ. ಬಿಡುಗೇಣಿನ ದಿನ ಶಾಸ್ತ್ರಕ್ಕೆ ಮಗ್ಗದಿಂದ ಎದ್ದು, ಹಿತ್ತಲಲ್ಲಿ ಕೂತು ಮುಂದಿನ ಸೀರೆಯ ನೂಲು ಸುತ್ತುತ್ತಿದ್ದಳು. 'ಒಂದು ಬಿಡುಗೇಣನ್ನೂ ನಾನು ಹಾಳುಮಾಡಿದವಳಲ್ಲ' ಅಂತ ಅದಕ್ಕೂ ಅವಳಿಗೆ ಹೆಮ್ಮೆ!

ಅವಳ ಗಂಡ ದ್ಯಾವಣ್ಣ ಇದಕ್ಕೆ ತದ್ವಿರುದ್ಧ. ಅವನೂ ಒಳ್ಳೇ ನೇಕಾರನೇ. ಆದರೆ ಬಿಡುಗೇಣು ಬಂತೋ, ಮನುಷ್ಯ ಮಾಯ. ಒಂದು ಸಲ ಏಡಿಗಳ ಹಿಂದೆ ಹೋಗಿ ಪಕ್ಕದೂರು ಸೇರಿದ್ದ. ಒಂದು ಸಲ ದೊಂಬರಾಟದವರ ಜೊತೆ ಕಂಬ ಹತ್ತಿ, ಇಳಿಯಲು ಬಾರದೆ ಸಂಜೆತನಕ ಅಲ್ಲೇ ಕೂತಿದ್ದ. ಮನೆಗೆ ಬಂದು ಎಲ್ಲ ಹೇಳಿ, ತಾನೇ ಮೊದಲು ನಗುತ್ತಿದ್ದ. ಹೊಂಬಾಳಮ್ಮ ತಲೆ ಎತ್ತದೆ ನೇಯುತ್ತಾ, "ನಿಮ್ಮ ಹುಚ್ಚಾಟ ನಿಮಗೆ" ಅನ್ನುತ್ತಿದ್ದಳು. ಆದರೂ ಅವನು ಹೇಳುವುದನ್ನು ಒಂದು ಅಕ್ಷರ ಬಿಡದೆ ಕೇಳಿಸಿಕೊಳ್ಳುತ್ತಿದ್ದಳು, ಅದು ಬೇರೆ ಮಾತು.

ಹೀಗಿರುವಾಗ ಧೂಮಕಂಠ ಎಂಬ ಮಾಂತ್ರಿಕ ಜವಳಿ ವ್ಯಾಪಾರಿಯ ವೇಷದಲ್ಲಿ ಊರಿಗೆ ಬಂದ. ನೇಕಾರರನ್ನೆಲ್ಲ ಅರಮನೆ ಅಂಗಳದಲ್ಲಿ ಸೇರಿಸಿ, ಅವರ ಬಟ್ಟೆಯನ್ನು ಬಿಡಿಸಿ ಹಿಡಿದು, ತ್ಚು ತ್ಚು ಅಂತ ಲೊಚಗುಟ್ಟಿದ.

"ಇಷ್ಟು ಚಂದದ ನೇಯ್ಗೆ! ನಡುನಡುವೆ ಈ ತೂತು ಯಾಕ್ರಪ್ಪಾ? ಚಂದದ ಬಾಯಲ್ಲಿ ಹಲ್ಲು ಉದುರಿದ ಹಾಗಿದೆ. ಓ, ತುಂಬಿಸೋಕೆ ನಿಮ್ಮ ಕೈಲಿ ಆಗಲ್ಲವೇನೋ. ಪಾಪ!"

ಆ 'ಪಾಪ' ಇದೆಯಲ್ಲ, ಅದು ನಾಟಿತು. ಬೈದಿದ್ದರೆ ನೂಲಗಿರಿಯವರು ನಕ್ಕು ಕಳಿಸುತ್ತಿದ್ದರು. ಕೈಲಾಗದವರು ಅಂದರೆ ತಡೆಯುವ ಜನವೇ ಅವರು? ಎಲ್ಲರಿಗಿಂತ ಮೊದಲು ಎದ್ದು ನಿಂತವಳು ಹೊಂಬಾಳಮ್ಮ.

"ಯಾರ ಕೈಲಿ ಆಗಲ್ಲ? ನೋಡ್ತಾ ಇರಿ!" ಅಂದಳು. ಸರ ಸರ ಮನೆಗೆ ಬಂದು, ಮಗ್ಗದ ಮೇಲಿದ್ದ ಬಿಡುಗೇಣನ್ನು ಎಲ್ಲರ ಕಣ್ಣೆದುರೇ ನೇಯ್ದು ತುಂಬಿಸಿಬಿಟ್ಟಳು. ಹೊಂಬಾಳಮ್ಮನೇ ತುಂಬಿಸಿದ ಮೇಲೆ ಉಳಿದವರು ಹಿಂದೆ ಬೀಳುತ್ತಾರೆಯೇ? ಹತ್ತು ದಿನದಲ್ಲಿ ರಾಜ್ಯದಲ್ಲಿ ಬಿಡುಗೇಣು ಎಂಬುದೇ ಇಲ್ಲವಾಯಿತು. ಸೀರೆಗೆ ಸೀರೆ ಕೂಡಿ, ಬಟ್ಟೆ ಕೊನೆಯಿಲ್ಲದ ಹೊಳೆಯಾಯಿತು.

ದ್ಯಾವಣ್ಣ ಒಬ್ಬ ಒಪ್ಪಲಿಲ್ಲ. ತನ್ನ ಮಗ್ಗದ ಬಿಡುಗೇಣನ್ನು ಮುಟ್ಟಲಿಲ್ಲ. ಅಷ್ಟೇ ಅಲ್ಲ, ಹನ್ನೊಂದನೇ ದಿನ ಹೆಂಡತಿ ಊಟಕ್ಕೆ ಎದ್ದಾಗ ಅವಳ ಮಗ್ಗಕ್ಕೆ ಕೂತು, ಒಂದು ಗೇಣು ಹಾಸನ್ನು ಹಾಗೇ ಮುಂದೆ ಸರಿಸಿ, ಅದರಾಚೆ ನಾಲ್ಕು ಬೆರಳು ನೇಯ್ದಿಟ್ಟ. ಹೊಂಬಾಳಮ್ಮ ಬಂದು ನೋಡುತ್ತಾಳೆ, ಸೀರೆಯ ನಡುವೆ ಬಿಡುಗೇಣು!

"ಬಾರೇ ಹೊಂಬಾಳೆ," ಅಂದ ದ್ಯಾವಣ್ಣ, ಆ ಬಿಡಿ ಎಳೆಗಳನ್ನು ಬೆರಳಿಂದ ಮೀಟಿ ಝೇಂಯ್ ಅನ್ನಿಸುತ್ತಾ. "ಇವತ್ತೊಂದು ದಿನ ಆಚೆ ಹೋಗೋಣ. ಎಲ್ಲಿಗೆ ಅಂತ ಕೇಳಬೇಡ, ನನಗೂ ಗೊತ್ತಿಲ್ಲ."

ಹೊಂಬಾಳಮ್ಮನಿಗೆ ಮೈಯೆಲ್ಲ ಉರಿದುಹೋಯಿತು. "ಮಾನ ಕಳೀತೀರಲ್ರೀ! ಊರೆಲ್ಲ ತುಂಬಿಸಿದೆ, ನನ್ನ ಗಂಡನ ಮಗ್ಗ ಮಾತ್ರ ಹಲ್ಲುದುರಿದ ಬಾಯಿ! ಮೊದಲು ಕೂತು ನಿಮ್ಮದನ್ನ ತುಂಬಿಸಿ. ನನ್ನದನ್ನ ನಾಳೆ ನಾನು ಬಿಚ್ಚಿ ಸರಿಮಾಡ್ಕೋತೀನಿ."

ದ್ಯಾವಣ್ಣ ಅವಳ ಮುಖ ನೋಡಿದ. ನಗುವುದಕ್ಕೆ ಹೋಗಿ ನಗಲಿಲ್ಲ. "ಆಯ್ತು ಕಣೇ, ನಿನಗೆ ಬೇಜಾರಾದರೆ ಬೇಡ" ಅಂದು, ಕೂತು ತನ್ನ ಬಿಡುಗೇಣನ್ನು ತುಂಬಿಸಿದ.

ಕೊನೆಯ ಎಳೆ ಕೂತಿದ್ದೇ ತಡ, ಧೂಮಕಂಠ ಗುಟ್ಟಾಗಿ ಹೂಡಿದ್ದ ಮಂತ್ರ ಫಲಿಸಿತು. ರಾಜ್ಯದ ಮಗ್ಗಗಳೆಲ್ಲ ಒಂದೇ ಸಲ ಧಡ್ ಎಂದವು. ಬಟ್ಟೆ ತಾನಾಗಿ ಕಿಟಕಿಗಳಿಂದ ಹೊರಬಂದು, ಚಾವಣಿಗಳ ಮೇಲೆ ಹರಿದು, ಮುಗಿಲುಗುಡ್ಡದ ಕಡೆ ನಡೆಯಿತು. ಅಲ್ಲಿ ಧೂಮಕಂಠ ವೇಷ ಕಳಚಿ, ಒನಕೆಯುದ್ದದ ಸೂಜಿ ಹಿಡಿದು, ಆ ಬಟ್ಟೆಯಿಂದ ಇಡೀ ಆಕಾಶಕ್ಕೆ ಮೇಲ್ಕಟ್ಟು ಹೊಲಿಯತೊಡಗಿದ್ದ. ಅದರ ಕೆಳಗೆ ಇರುವವರೆಲ್ಲ ಅವನ ಆಳುಗಳು. ರಾಜನಿಂದ ಹಿಡಿದು ಅಡುಗೆಯವರ ತನಕ ಯಾರಿಗೂ ಕೂತಲ್ಲಿಂದ ಏಳಲಾಗಲಿಲ್ಲ. ಕೈ ನಿಲ್ಲಲಿಲ್ಲ, ಕಣ್ಣು ಮೇಲೇಳಲಿಲ್ಲ.

"ಏನ್ರೀ, ಏಳ್ರೀ!" ಅಂತ ಹೊಂಬಾಳಮ್ಮ ಗಂಡನ ಭುಜ ಹಿಡಿದು ಅಲ್ಲಾಡಿಸಿದಳು.

"ಇನ್ನೊಂದು ಗೇಣು ಆಗಲಿ," ಅಂದ ದ್ಯಾವಣ್ಣ.

"ಕೆರೆ ಹತ್ತಿರ ಹೋಗೋಣ ಬನ್ರೀ. ನಾನೇ ಕರೀತಿದ್ದೀನಿ!"

"ಇನ್ನೊಂದು ಗೇಣು ಆಗಲಿ."

ಅವಳ ಎದೆ ಒಡೆದುಹೋಯಿತು. ಅತ್ತುಕೊಂಡು ಬೀದಿಗೆ ಓಡಿದಳು. ಬೀದಿಯ ಕೊನೆಯಲ್ಲಿ ನೂಲಿಗೆ ಬಣ್ಣ ಹಾಕುವ ಕೆಂಚಜ್ಜಿ ಒಬ್ಬಳೇ ತನ್ನ ಬಣ್ಣದ ಕಡಾಯಿಯ ಪಕ್ಕ ಎದ್ದು ನಿಂತಿದ್ದಳು. ಅಜ್ಜಿ ಒಂದು ಎಳೆಯನ್ನೂ ನೇಯ್ದವಳಲ್ಲ, ಅದಕ್ಕೇ ಮಂತ್ರ ತಾಗಿರಲಿಲ್ಲ.

"ನಾನು ನೇಯ್ದವಳೇ ಅಲ್ವಾ ಅಜ್ಜಿ, ನನಗೆ ಯಾಕೆ ತಾಗಲಿಲ್ಲ?"

"ನಿನ್ನ ಮಗ್ಗದಲ್ಲಿ ಬಿಡುಗೇಣು ಇದೆಯಲ್ಲ ಮಗಳೇ. ಇಡೀ ರಾಜ್ಯದಲ್ಲಿ ಉಳಿದಿರೋದು ಅದೊಂದೇ. ನಿನ್ನ ಗಂಡ ಇಟ್ಟಿದ್ದು ನಿನ್ನ ಕಾಯ್ತು."

ಹೊಂಬಾಳಮ್ಮನಿಗೆ ನಾಚಿಕೆಯಿಂದ ತಲೆ ತಗ್ಗಿತು. ಅಜ್ಜಿ ಮುಂದಿನದನ್ನು ನೇರವಾಗಿ ಹೇಳಿದಳು. ಮೂರನೇ ದಿನ ಹೊತ್ತು ಮುಳುಗಿದರೆ ಕೂತವರೆಲ್ಲ ಮಗ್ಗದ ಮರದ ಜೊತೆ ಮರವಾಗುತ್ತಾರೆ. ಆ ಬಿಡುಗೇಣು ಧೂಮಕಂಠನ ಕೈಯಾರೆ ಮೇಲ್ಕಟ್ಟಿಗೆ ಹೊಲಿಗೆ ಬಿದ್ದರೆ ಮಾತ್ರ ಎಲ್ಲ ಬಿಚ್ಚಿಕೊಳ್ಳುತ್ತದೆ. ದಾರಿಯಲ್ಲಿ ಮೂರು ಕಾವಲು. ಮೊದಲನೆಯದು ಹುಲಿ, ಎರಡನೆಯದು ಹೊಳೆ, ಮೂರನೆಯವನು ಅವನೇ.

"ಮನಸ್ಸಲ್ಲಿ ನೀನು ಏನು ಗೊತ್ತುಮಾಡಿಕೊಂಡು ಹೋದರೂ ಆ ಮೂವರಿಗೂ ಮೊದಲೇ ತಿಳಿಯುತ್ತೆ. ದಂಡನಾಯಕನೂ ನನ್ನ ಹಾಗೇ ನೇಯದವನು, ಉಳ್ಕೊಂಡ. ಮಗ್ಗ ಧಡ್ ಅಂದ ಕೂಡಲೇ ನೂರು ಉಪಾಯ ಮಾಡ್ಕೊಂಡು ಹೋದ. ಆಗಲೇ ಹುಲಿ ಮುಂದೆ ಕಲ್ಲಾಗಿ ನಿಂತಿದ್ದಾನೆ."

"ಮತ್ತೆ ನಾನೇನು ಮಾಡಲಿ?"

"ಅದನ್ನ ಹೇಳಿಬಿಟ್ಟರೆ ಅದೂ ಗೊತ್ತುಮಾಡಿಕೊಂಡ ಹಾಗೇ ಆಗಲಿಲ್ವೇನೇ, ಪೆದ್ದಿ!" ಅಂದಳು ಅಜ್ಜಿ.

ಹೊಂಬಾಳಮ್ಮ ತನ್ನ ಬಟ್ಟೆಯನ್ನು ಮಗ್ಗದಿಂದ ಕತ್ತರಿಸಿ ಸುತ್ತಿ, ಬಗಲಿಗೆ ಕಟ್ಟಿಕೊಂಡಳು. ಗಂಡನ ಕಾಲು ಮುಟ್ಟಿ ನೋಡಿದಳು. ಬೆರಳುಗಳು ಆಗಲೇ ತೊಗಟೆಯಂತೆ ಒರಟಾಗಿದ್ದವು. ಕಣ್ಣೊರೆಸಿಕೊಂಡು ಹೊರಟಳು.

ಕಣಿವೆಯ ಬಾಯಲ್ಲಿ ಹುಲಿ ಕೂತಿತ್ತು, ಮನೆಯಷ್ಟು ಎತ್ತರ. ಪಕ್ಕದಲ್ಲಿ ದಂಡನಾಯಕ ಕತ್ತಿ ಎತ್ತಿದ ಭಂಗಿಯಲ್ಲೇ ಕಲ್ಲಾಗಿದ್ದ. ಎಡಗಡೆ ಬಂಡೆಯ ಹಿಂದಿನಿಂದ ನುಸುಳಬೇಕೆಂದು ಹೊಂಬಾಳಮ್ಮ ಯೋಚಿಸಿದಳು. ಹೋಗಿ ನೋಡಿದರೆ ಹುಲಿ ಅಲ್ಲೇ. ಬಲಗಡೆ ಹಳ್ಳ ಹಿಡಿದು ಹೋಗಬೇಕೆಂದು ಯೋಚಿಸಿದಳು. ಅಲ್ಲೂ ಹುಲಿಯೇ, ಪಂಜ ನೆಕ್ಕುತ್ತಾ.

"ಇನ್ನೊಂದು ಸಲ ಯೋಚನೆ ಮಾಡು," ಅಂದಿತು ಹುಲಿ. "ಮೂರನೇ ಸಲಕ್ಕೆ ಕಲ್ಲು."

ಹೊಂಬಾಳಮ್ಮ ಸೋತು ಒಂದು ಮರದ ಕೆಳಗೆ ಕೂತಳು. ಮೇಲಿಂದ ಏನೋ ತಲೆಯ ಮೇಲೆ ಟಪ್ ಎಂದು ಬಿತ್ತು. ನೇರಳೆಹಣ್ಣು! ಅವಳು ನೇರಳೆ ತಿಂದು ಮೂವತ್ತು ವರ್ಷವಾಗಿತ್ತು. ಪುರುಸೊತ್ತೆಲ್ಲಿತ್ತು? ಆ ಒಗರು ವಾಸನೆ ಮೂಗಿಗೆ ಹತ್ತಿದ್ದೇ, ಏನನ್ನುತ್ತೀರಿ, ಸೀರೆ ಕಚ್ಚೆ ಹಾಕಿ ಮರ ಹತ್ತಿಯೇಬಿಟ್ಟಳು. ಕೊಂಬೆಯ ಮೇಲೆ ಕೂತು, ಕಾಲು ಇಳಿಬಿಟ್ಟು, ಬಾಯಿ ತುಂಬ ತಿಂದಳು.

ಹುಲಿ ಕೆಳಗೆ ಬಂದು ಕತ್ತೆತ್ತಿತು. "ಏಯ್, ಏನು ಮಾಡ್ತಿದ್ದೀಯ? ಇದು ನನಗೆ ತಿಳೀಲಿಲ್ಲವಲ್ಲ!"

"ನನಗೂ ತಿಳಿದಿರಲಿಲ್ಲ," ಅಂದಳು ಹೊಂಬಾಳಮ್ಮ. "ತಗೋ, ಬಾಯಿ ತೆರಿ."

ಹುಲಿ ಬಾಯಿ ತೆರೆಯಿತು. ಮುನ್ನೂರು ವರ್ಷದಿಂದ ಅದಕ್ಕೆ ತಿಳಿಯದೆ ಏನೂ ನಡೆದಿರಲಿಲ್ಲ, ಪಾಪ. ಒಂದು ಹಣ್ಣು ತಿಂದು ಮುಖ ಕಿವುಚಿತು. ಇನ್ನೊಂದು ಕೇಳಿತು. ಮತ್ತೊಂದು ಕೇಳಿತು. ಹೊಂಬಾಳಮ್ಮ ಕೊಂಬೆ ಹಿಡಿದು ಅಲ್ಲಾಡಿಸಿದಳು, ಹಣ್ಣಿನ ಮಳೆಯೇ ಬಿತ್ತು.

"ನಿನ್ನ ನಾಲಿಗೆ ನೀಲಿ ಆಗಿದೆ," ಅಂದಿತು ಹುಲಿ. "ನನ್ನದು ಆಯ್ತಾ ನೋಡು?"

"ಆಯ್ತು ಆಯ್ತು, ಚೆನ್ನಾಗಿ ಆಯ್ತು!"

ಹುಲಿಗೆ ಖುಷಿಯೋ ಖುಷಿ. ಅವಳು ಮರದ ಆಚೆ ಬದಿಗೆ ಇಳಿದು ಕಣಿವೆಯೊಳಗೆ ನಡೆದಾಗ ಅದು ತಡೆಯಲಿಲ್ಲ. "ವಾಪಸ್ ಬರೋವಾಗ ಆ ಮೇಲಿನ ಕೊಂಬೆ ಅಲ್ಲಾಡಿಸಿಕೊಡು" ಅಂತ ಕೂಗಿ ಹೇಳಿತು.

ಎರಡನೇ ದಿನ ಹೊಳೆ ಎದುರಾಯಿತು. ನಡುವೆ ಸಾಲಾಗಿ ದಾಟುಗಲ್ಲುಗಳು. ಯಾವ ಕಲ್ಲಿನ ಮೇಲೆ ಕಾಲಿಡಬೇಕು ಅಂದುಕೊಳ್ಳುತ್ತಾಳೋ ಆ ಕಲ್ಲು ಮುಳುಗುತ್ತಿತ್ತು. ಮಧ್ಯಾಹ್ನದವರೆಗೆ ಹೆಣಗಿ ಮೊಣಕಾಲು ತರಚಿಕೊಂಡಳು. ಆಗ ದಡದಲ್ಲಿ ಡೋಲು ಕೇಳಿಸಿತು. ನೋಡಿದರೆ ನೀರುನಾಯಿಗಳ ಮದುವೆ! ತಲೆಗೆ ತಾವರೆ ಎಲೆಯ ಪೇಟ ಕಟ್ಟಿದ್ದ ಒಂದು ಮುದಿ ನೀರುನಾಯಿ ಕೈಮುಗಿಯಿತು.

"ಅಕ್ಕಾ, ಹೆಣ್ಣಿನ ಕಡೆ ಕುಣಿಯೋಕೆ ಒಂದು ಜನ ಕಮ್ಮಿ ಆಗಿದ್ದಾರೆ. ಬರ್ತೀರಾ?"

'ಪುರುಸೊತ್ತಿಲ್ಲ' ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ನಿಜಕ್ಕೂ ಇರಲಿಲ್ಲವಲ್ಲ! ಆದರೆ ದ್ಯಾವಣ್ಣ ಇಲ್ಲಿದ್ದಿದ್ದರೆ? ಕರೆಯುವ ಮೊದಲೇ ಕುಣಿಯುತ್ತಿದ್ದ. ಅದು ನೆನಪಾಗಿ ಅವಳಿಗೆ ನಗು ಬಂತು, ಅಳುವೂ ಬಂತು. "ಬಂದೆ" ಅಂದಳು. ಸೆರಗು ಸಿಕ್ಕಿಸಿ ಸಾಲಿಗೆ ಸೇರಿದಳು. ಹೆಜ್ಜೆ ಬರುತ್ತಿರಲಿಲ್ಲ, ಮುಂದಿನವರ ಬಾಲ ತುಳಿದಳು, ಎಲ್ಲರೂ ಬಿದ್ದು ಬಿದ್ದು ನಕ್ಕರು. ಕುಣಿದು ಕುಣಿದು ಉಸಿರು ಕಟ್ಟಿ ನಿಂತಾಗ ಸುತ್ತ ನೋಡಿದಳು. ಗಂಡಿನ ಮನೆ ಬಂದಿತ್ತು. ಗಂಡಿನ ಮನೆ ಹೊಳೆಯ ಆಚೆ ದಡದಲ್ಲಿತ್ತು. ಯಾವಾಗ ದಾಟಿದೆವು ಎಂದು ಅವಳಿಗೂ ತಿಳಿಯಲಿಲ್ಲ, ಹೊಳೆಗೂ ತಿಳಿಯಲಿಲ್ಲ.

ಮೂರನೇ ದಿನ ಹೊತ್ತು ಇಳಿಯುವಾಗ ಅವಳು ಮುಗಿಲುಗುಡ್ಡದ ತುದಿ ಮುಟ್ಟಿದಳು. ಮೇಲ್ಕಟ್ಟು ಆಕಾಶವನ್ನೆಲ್ಲ ಮುಚ್ಚಿತ್ತು. ಗುಡ್ಡದ ಪಡುವಣ ಅಂಚಿನಲ್ಲಿ ಮಾತ್ರ ಒಂದು ಸೀರೆಯಗಲದ ಕಿಂಡಿ ಉಳಿದು, ಅಲ್ಲಿಂದ ಸಂಜೆ ಬಿಸಿಲು ಬೀಳುತ್ತಿತ್ತು. ಧೂಮಕಂಠನ ಕೈಯ ಸೂಜಿ ಒಂದು ಗಳಿಗೆಯೂ ನಿಲ್ಲದೆ ಸರಕ್ ಸರಕ್ ಎಂದು ಓಡುತ್ತಿತ್ತು. ಆ ಸೂಜಿಯನ್ನು ನಿಲ್ಲಿಸುವುದು ಅವನಿಗೂ ಗೊತ್ತಿರಲಿಲ್ಲ.

"ಬಾ ಹೊಂಬಾಳಮ್ಮ," ಅಂದ ತಿರುಗಿ ನೋಡದೆ. "ಆ ತೂತಿನ ಬಟ್ಟೆಯನ್ನ ನನ್ನ ಕೈಲಿ ಹೊಲಿಸಬೇಕು ಅಂತ ಬಂದಿದ್ದೀಯ. ಎಲ್ಲ ಗೊತ್ತು. ನಾನು ಹೊಲಿಯಲ್ಲ. ಅಲ್ಲಿ ಮಗ್ಗ ಇದೆ ನೋಡು. ಕೂತು ಆ ಒಂದು ಗೇಣು ತುಂಬಿಸು. ನಿನ್ನ ಗಂಡನನ್ನ ಬಿಟ್ಟುಬಿಡ್ತೀನಿ."

ಹೊಂಬಾಳಮ್ಮನ ಕಾಲು ತಾನಾಗಿ ಮಗ್ಗದ ಕಡೆ ಹೋಯಿತು. ಒಂದು ಗೇಣು. ಅವಳ ಕೈಗೆ ಎಷ್ಟು ಹೊತ್ತಿನ ಕೆಲಸ? ದ್ಯಾವಣ್ಣ ಎದ್ದು ಕೂತಂತೆ, ನಕ್ಕಂತೆ ಕಣ್ಣಿಗೆ ಕಟ್ಟಿತು. ಕೂತು ಲಾಳಿ ಕೈಗೆತ್ತಿಕೊಂಡಳು.

"ಹಾಗೆ ಬಾ ದಾರಿಗೆ," ಅಂದ ಧೂಮಕಂಠ. "ನಿನ್ನಂಥ ನೇಯ್ಗೆಗಾರ್ತಿ ಮೂರು ಲೋಕದಲ್ಲಿಲ್ಲ. ಆ ತೂತೊಂದು ನಿನ್ನ ಹೆಸರಿಗೆ ಕಳಂಕ. ನಿನ್ನ ಗಂಡನಿಗೆ ಅಷ್ಟೂ ತಿಳೀಲಿಲ್ಲ, ಪಾಪ!"

ಮತ್ತೆ ಅದೇ ಪಾಪ! ಹೊಂಬಾಳಮ್ಮ ಲಾಳಿಯನ್ನು ಕೆಳಗಿಟ್ಟಳು. ಎದ್ದು ನಿಂತಳು. ಈ ಸಲ ಅವಳ ತಲೆ ಹಿಂದೆಂದೂ ಇಲ್ಲದಷ್ಟು ಎತ್ತರಕ್ಕೆ ಎದ್ದಿತು.

"ಯಾವುದನ್ನ ತೂತು ಅಂತೀಯ? ಈ ಬಟ್ಟೆಯಲ್ಲಿ ನಾನು ನೇಯ್ದಿದ್ದೆಲ್ಲ ಬರೀ ಕೈಚಳಕ. ನನ್ನ ಗಂಡ ಬಿಟ್ಟನಲ್ಲ ಆ ಒಂದು ಗೇಣು, ಇದರಲ್ಲಿ ಎಲ್ಲಕ್ಕಿಂತ ಚಂದದ ಜಾಗ ಅದು. ಅದನ್ನ ತುಂಬಿಸಿಬಿಟ್ಟು ಅವನ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ? ತುಂಬಿಸಲ್ಲ. ಹೋಗು!"

"ಹಾಗಾದರೆ ಕೂತಿರು. ಹೊತ್ತು ಮುಳುಗಲಿ."

ಬಿಸಿಲು ಕೆಂಪಾಯಿತು. ಹೊಂಬಾಳಮ್ಮನ ತಲೆಯಲ್ಲಿ ಒಂದು ಉಪಾಯವೂ ಇರಲಿಲ್ಲ. ಬಟ್ಟೆಯನ್ನು ಬಿಡಿಸಿ, ಕಿಂಡಿಯ ಬೆಳಕಿಗೆ ಹಿಡಿದು, ಗಂಡನ ಆ ಗೇಣನ್ನು ಕೊನೆಯ ಸಲ ಕಣ್ತುಂಬ ನೋಡಿದಳು. ಆಗ ಗುಡ್ಡದ ಗಾಳಿ ಬೀಸಿ ಆ ಬಿಡಿ ಎಳೆಗಳು ಝೇಂಯ್ ಅಂದವು. ದ್ಯಾವಣ್ಣ ಮೀಟಿದ ಅದೇ ದನಿ! ಅವಳ ಬೆರಳು ತಾನಾಗಿ ಹೋಗಿ ಮೀಟಿತು. ಝೇಂಯ್. ಇನ್ನೊಮ್ಮೆ ಮೀಟಿತು. ಕಂಬ ಹತ್ತಿ ಇಳಿಯಲಾಗದೆ ಕೂತ ಗಂಡ ನೆನಪಾದ. ಅವಳು ನಕ್ಕಳು. ಇಪ್ಪತ್ತು ವರ್ಷ ಕೇಳಿಸಿಕೊಂಡೂ ನಗದೆ ಇಟ್ಟುಕೊಂಡಿದ್ದ ನಗುವೆಲ್ಲ ಒಟ್ಟಿಗೇ ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಸುರಿಯುವಂತೆ ನಕ್ಕಳು.

ಧೂಮಕಂಠ ತಿರುಗಿದ. ಅವಳ ಮನಸ್ಸನ್ನು ಓದಲು ನೋಡಿದ, ಅಲ್ಲಿ ಓದುವುದಕ್ಕೆ ಏನೂ ಸಿಗಲಿಲ್ಲ.

"ಏನದು? ಯಾಕೆ ನಗ್ತೀಯ? ಅದರಲ್ಲಿ ಏನಿದೆ?"

"ಅಯ್ಯೋ, ಏನೂ ಇಲ್ಲ!" ಅಂದಳು ಹೊಂಬಾಳಮ್ಮ ನಗುತ್ತಲೇ. "ಅದೇ ಅದರ ಚಂದ. ಬೇಕಾದ್ರೆ ನೀನೇ ನೋಡು."

ಅವನು ನೋಡುವವನಲ್ಲ. ಆದರೆ ಹುಟ್ಟಿದಾಗಿನಿಂದ ಮೊದಲ ಸಲ ಅವನಿಗೆ, ಗೊತ್ತುಮಾಡಿಕೊಳ್ಳದೆ, ಸುಮ್ಮನೆ ನೋಡಬೇಕು ಅನ್ನಿಸಿಬಿಟ್ಟಿತು. ಹತ್ತಿರ ಬಂದು ಎಳೆಗಳ ನಡುವೆ ಕಣ್ಣಿಟ್ಟ. ಆಚೆ ಸೂರ್ಯ ಕಂಡ, ಗೂಡಿಗೆ ಹೋಗುವ ಹಕ್ಕಿಗಳ ಸಾಲು ಕಂಡಿತು. "ಓಹೋ," ಅಂದ. ಕಣ್ಣು ಅಲ್ಲಿಯೇ ಉಳಿಯಿತು. ಕೈಯಲ್ಲಿದ್ದ ಸೂಜಿಗೆ ನಿಲ್ಲುವುದು ಗೊತ್ತಿಲ್ಲವಲ್ಲ? ಸರಕ್ ಸರಕ್ ಎಂದು ಎದುರಿಗೆ ಸಿಕ್ಕಿದ ಬಟ್ಟೆಯನ್ನೇ ಹೊಲಿಯುತ್ತಾ ಹೋಯಿತು. ಅವನ ಕೈಯಾರೆ ಬಿಡುಗೇಣು ಮೇಲ್ಕಟ್ಟಿಗೆ ಸೇರಿತು.

ಮೇಲ್ಕಟ್ಟು ಚರ್ರ್ ಎಂದು ಬಿಚ್ಚಿಕೊಂಡಿತು. ತುಂಬಿಸಿದ್ದ ಬಿಡುಗೇಣುಗಳೆಲ್ಲ ಒಂದೊಂದಾಗಿ ತೆರೆದವು, ಒಂದೊಂದರಿಂದಲೂ ಒಂದು ಗೇಣು ಬೆಳಕು ಕೆಳಗಿಳಿಯಿತು. ಇಡೀ ನೂಲಗಿರಿ ಪಟ್ಟೆ ಪಟ್ಟೆ ಬಿಸಿಲಲ್ಲಿ ಮಿಂಚಿತು. ಸೂಜಿ ಮೊದಲ ಸಲ ನಿಂತಿತು. ನಿಂತ ಕೂಡಲೇ ಧೂಮಕಂಠ ಹಳೇ ದಾರದ ಉಂಡೆಯಾಗಿ ಗುಡ್ಡದಿಂದ ಉರುಳಿದ. ಕೆಳಗೆ ನೀರುನಾಯಿಗಳು ಆ ಉಂಡೆಯನ್ನು ಎತ್ತಿಕೊಂಡು ಹೋಗಿ ಹೊಸ ಮದುಮಕ್ಕಳ ಗೂಡಿಗೆ ಹಾಸಿದವು. ಕಲ್ಲಾದ ದಂಡನಾಯಕ ಮನುಷ್ಯನಾದ. ಎತ್ತಿದ ಕತ್ತಿಯಿಂದ ಅವನು ಮಾಡಿದ ಮೊದಲ ಕೆಲಸ, ಹುಲಿ ಹೇಳಿದ ಕೊಂಬೆಗೆ ತಟ್ಟಿ ನೇರಳೆ ಬೀಳಿಸಿದ್ದು.

ಹೊಂಬಾಳಮ್ಮ ವಾಪಸ್ ದಾರಿಯಲ್ಲೂ ಹುಲಿಯ ಜೊತೆ ನೇರಳೆ ತಿಂದು ಮನೆಗೆ ಬಂದಾಗ ದ್ಯಾವಣ್ಣ ಹೊಸಿಲ ಮೇಲೆ ಕೂತು ಕಾಲು ತಿಕ್ಕಿಕೊಳ್ಳುತ್ತಿದ್ದ.

"ಎಲ್ಲಿಗೆ ಹೋಗಿದ್ಯೇ?" ಅಂದ. ಆಮೇಲೆ ಅವಳ ಮುಖ ನೋಡಿ ಎದ್ದೇ ನಿಂತ. "ಹೊಂಬಾಳೆ! ನಿನ್ನ ನಾಲಿಗೆ!"

"ಹೂಂ, ನೇರಳೆ ತಿಂದೆ. ಹುಲಿ ಜೊತೆ," ಅಂದಳು. ಅವನ ಪಕ್ಕ ಕೂತು ಎಲ್ಲ ಹೇಳಿದಳು, ತಾನೇ ಮೊದಲು ನಗುತ್ತಾ. ದ್ಯಾವಣ್ಣ ಬಾಯಿ ತೆರೆದುಕೊಂಡು ಕೇಳಿದ. "ನಾನು ಕಂಬ ಹತ್ತಿದ್ದೇ ದೊಡ್ಡದು ಅಂದುಕೊಂಡಿದ್ದೆನಲ್ಲೇ" ಅಂದ. ಹೆಂಡತಿಯ ಮೇಲಿನ ಹೆಮ್ಮೆಯಲ್ಲಿ, ಇನ್ನೊಂದು ಸಲ ಮೊದಲಿಂದ ಹೇಳು ಅಂದ.

ಮರುದಿನ ಬೆಳಿಗ್ಗೆ ಅರಮನೆಯ ದೂತರು ಪಲ್ಲಕ್ಕಿ ತಂದು ಬಾಗಿಲಲ್ಲಿ ನಿಂತರು. "ತಾಯೀ, ಮಹಾರಾಜರು ತುಂಬಿದ ಸಭೆಯಲ್ಲಿ ತಮಗೆ ಸನ್ಮಾನ ಮಾಡಬೇಕು ಅಂತಿದ್ದಾರೆ. ದಯಮಾಡಿಸಬೇಕು."

ಹೊಂಬಾಳಮ್ಮ ಆಗಲೇ ಗಂಡನ ಕೈ ಹಿಡಿದು ಬೀದಿಗೆ ಇಳಿದಿದ್ದಳು.

"ನಿಮ್ಮ ರಾಜರಿಗೆ ಹೇಳಿ, ಪುರುಸೊತ್ತಿಲ್ಲ," ಅಂದಳು. "ಇವತ್ತು ನಮಗೆ ಬಿಡುಗೇಣು."

ದೂತರು ಹೋಗಿ ಹಾಗೇ ಹೇಳಿದರು. ಬೀರರಾಯ ಸಿಂಹಾಸನದ ಮೇಲೆ ಕೂತು ಗಹಗಹಿಸಿ ನಕ್ಕ. ಕಿರೀಟ ತೆಗೆದಿಟ್ಟ. "ಯಾವ ಕಡೆ ಹೋದರಂತೆ?" ಅಂತ ಕೇಳುತ್ತಾ, ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಮರೆತು ಹಿಂದೆ ಓಡಿದ.

ಅವತ್ತಿನಿಂದ ನೂಲಗಿರಿಯಲ್ಲಿ ಯಾರೂ ಬಿಡುಗೇಣು ತುಂಬಿಸಲಿಲ್ಲ. ಪರದೇಶದ ವ್ಯಾಪಾರಿಗಳು ಬಂದು, "ಈ ತೂತು ಯಾಕೆ?" ಅಂದರೆ ಅಲ್ಲಿಯ ಜನ ತಲೆ ಎತ್ತಿ, "ಅಷ್ಟನ್ನೂ ನೇಯಬಲ್ಲವರು ನಾವು, ಅದನ್ನ ಬಿಡಬಲ್ಲವರೂ ನಾವೇ" ಅನ್ನುತ್ತಿದ್ದರು. ಹೊಂಬಾಳಮ್ಮ, ದ್ಯಾವಣ್ಣ ತಲೆ ಹಣ್ಣಾಗುವ ತನಕ ಒಟ್ಟಿಗೆ ನೇಯ್ದರು, ಒಟ್ಟಿಗೆ ಎದ್ದು ಹೋದರು. ಎಲ್ಲಿಗೆ ಹೋದರು ಅಂತ ನನ್ನನ್ನು ಕೇಳಬೇಡಿ. ಅದು ಅವರಿಗೇ ಗೊತ್ತಿರುತ್ತಿರಲಿಲ್ಲ.